ಪದಚರ್ಚೆ: ಅಡುಗೆಮನೆ ಹಿಂದಿನ ‘ಯುಟಿಲಿಟಿ’ಗೆ ನಿಮ್ಮಲ್ಲಿ ಎಂತ ಹೇಳುತ್ತಾರೆ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸ್ವಲ್ಪ ಅರ್ಜೆಂಟು. ಗುರುವಾರ ಟೈಲ್ಸ್ ಹಾಕುವವರು ಬರುತ್ತಾರೆ. ಅಷ್ಟರೊಳಗೆ ಮನೆ ನಕ್ಷೆಯಲ್ಲಿ ಒಂದು ಕೋಣೆಯ ಹೆಸರು ತಿದ್ದಬೇಕು.

ನಾನು ಉಡುಪಿಯಲ್ಲಿ ಮನೆಗಳ ಪ್ಲಾನ್ ಬರೆಯುವವನು, ಭಾಷೆ ಓದಿದವನಲ್ಲ. ಇಲ್ಲಿ ಇಷ್ಟು ದಿನ ಸುಮ್ನೆ ನಿಮ್ಮ ಚರ್ಚೆ ಓದಿಕೊಂಡು ಕೂತಿದ್ದೆ. ಬರೆಯುವುದು ಇದೇ ಮೊದಲು, ತಪ್ಪಿದ್ದರೆ ಬೈಯಬೇಡಿ.

ಸಂತೆಕಟ್ಟೆ ಹತ್ತಿರ ಒಂದು ಹಳೇ ಹಂಚಿನ ಮನೆ. ಅದರ ಹಿಂಭಾಗ ಕೆಡವಿ ಅಡುಗೆಮನೆ ಹೊಸದಾಗಿ ಕಟ್ಟುತ್ತಿದ್ದೇವೆ. ಮನೆಯ ಅಮ್ಮನಿಗೆ ಎಪ್ಪತ್ತು ದಾಟಿದೆ. ಅವರದು ಒಂದೇ ಮಾತು: “ನಕ್ಷೆಯಲ್ಲಿ ಎಲ್ಲ ಕನ್ನಡದಲ್ಲಿ ಬರಿ ಮಾರಾಯ, ನನಗೆ ಓದ್ಲಿಕ್ಕೆ ಆಗ್ಬೇಕು.” ಸರಿ ಎಂದು ಚಾವಡಿ, ದೇವರ ಕೋಣೆ, ಅಡುಗೆಮನೆ, ಬಚ್ಚಲು ಎಂದು ಬರೆದುಕೊಂಡು ಹೋದೆ. ಅಡುಗೆಮನೆ ಹಿಂದೆ ಒಂಬತ್ತು ಅಡಿ ಉದ್ದ, ಐದು ಅಡಿ ಅಗಲದ ತುಂಡು ಜಾಗವೊಂದು ಉಳಿಯಿತು. ಅಲ್ಲಿಗೆ ಬಂದು ಪೆನ್ನು ನಿಂತಿತು.

ಆ ತುಂಡು ಜಾಗಕ್ಕೇ ಬೇಡಿಕೆ ಜಾಸ್ತಿ. ಅಮ್ಮನಿಗೆ ಅಲ್ಲಿ ವಾಷಿಂಗ್ ಮಷೀನು ಬೇಕು, ಮಷೀನು ಇದ್ದರೂ ಒಂದು ಒಗೆಯುವ ಕಲ್ಲು ಬೇಕು, ಮೀನು ತೊಳೆಯಲಿಕ್ಕೆ ನಳ್ಳಿ ಬೇಕು. ಕಡೆಯುವ ಕಲ್ಲನ್ನು ಎಸೆಯಲು ಮನಸ್ಸಿಲ್ಲ, ಅದಕ್ಕೂ ಮೂಲೆಯೊಂದು ಬೇಕು. ಮಗಳು ಇರುವುದು ಲಂಡನ್ ಕಡೆ. ಅವಳು ಫೋನಿನಲ್ಲಿ ಹೇಳಿದ್ದು ಎರಡೇ ಹೆಸರು, ‘ಯುಟಿಲಿಟಿ’ ಮತ್ತು ‘ಬೂಟ್ ರೂಮ್’. ಎರಡೂ ಆ ಐದಡಿಯೊಳಗೇ ಆಗಬೇಕಂತೆ.

ಬೂಟ್ ರೂಮ್ ಎಂದರೆ ಏನೆಂದು ಅವಳಿಂದಲೇ ಕೇಳಿ ತಿಳಿದುಕೊಂಡೆ. ಅಲ್ಲಿ ಹಳ್ಳಿ ಕಡೆಯ ದೊಡ್ಡ ಮನೆಗಳಲ್ಲಿ ಹಿಂಬಾಗಿಲ ಹತ್ತಿರ ಇರುವ ಕೋಣೆ. ಕೆಸರು ಬೂಟು ಹಾಕಿಕೊಂಡೇ ಒಳಗೆ ಬರುವುದು, ಬೆಂಚಿನ ಮೇಲೆ ಕೂತು ಬೂಟು ಕಳಚುವುದು, ಒದ್ದೆ ಕೋಟು ಗೂಟಕ್ಕೆ ಹಾಕುವುದು, ನಾಯಿಯ ಕಾಲನ್ನೂ ಅಲ್ಲೇ ತೊಳೆಯುವುದು. ಅಲ್ಲಿಯವರು ರಬ್ಬರ್ ಗಂಬೂಟಿಗೆ ‘ವೆಲ್ಲಿಂಗ್ಟನ್’ ಎನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದದ್ದು, ಬೂಟಿನ ಹೆಸರು ಅವನದ್ದೇ. ಇದನ್ನು ಅಮ್ಮನಿಗೆ ಹೇಳಿದಾಗ, “ಟಿಪ್ಪುವಿನ ಕಾಲದವನ ಬೂಟು ಇಡ್ಲಿಕ್ಕೆ ನನ್ನ ಮನೆಯಲ್ಲಿ ಜಾಗ ಇಲ್ಲ” ಎಂದು ನಕ್ಕರು.

ನಗು ಇರಲಿ, ತೊಡಕು ಇರುವುದು ಅಲ್ಲೇ. ಅವರಲ್ಲಿ ಬೂಟು ಒಳಗೆ ಬಂದು ಕಳಚಿಕೊಳ್ಳುತ್ತದೆ. ನಮ್ಮಲ್ಲಿ ಚಪ್ಪಲಿ ಮೆಟ್ಟಿಲ ಕೆಳಗೇ ನಿಂತು, ಕಾಲು ಮಾತ್ರ ತೊಳೆದುಕೊಂಡು ಒಳಗೆ ಬರುತ್ತದೆ. ಹಳೇ ಮನೆಗಳಲ್ಲಿ ಅಂಗಳದ ಕೊನೆಗೆ ಒಂದು ಕಲ್ಲು, ಪಕ್ಕದಲ್ಲಿ ನೀರಿನ ಪಾತ್ರೆ, ಅದರ ಮೇಲೆ ಚೆಂಬು. ಅಷ್ಟೇ ನಮ್ಮ ಬೂಟ್ ರೂಮು. ಅದಕ್ಕೆ ಗೋಡೆ ಇರಲಿಲ್ಲ, ಹಾಗಾಗಿ ಹೆಸರೂ ಇರಲಿಲ್ಲವೋ ಏನೋ. ಆ ಕಲ್ಲಿಗೆ ಎಂತ ಹೇಳುತ್ತಿದ್ದಿರಿ ಎಂದು ಅಮ್ಮನನ್ನು ಕೇಳಿದೆ. “ಕಾಲು ತೊಳೆಯುವ ಕಲ್ಲು” ಎಂದರು. ಬೇರೆ ಹೆಸರು? “ಕಾಲು ತೊಳೆಯುವ ಕಲ್ಲಿಗೆ ಬೇರೆ ಎಂತ ಹೇಳ್ತಾರೆ?”

ಈಗ ನನ್ನ ತಪ್ಪಿನ ಕತೆ. ಕೋಣೆಗೆ ಹೆಸರು ಸಿಗದೆ ನಾನು ಮೊದಲು ‘ಉಗ್ರಾಣ’ ಎಂದು ಬರೆದುಬಿಟ್ಟೆ. ಹೇಗೂ ಶೆಲ್ಫು ಬರುತ್ತದೆ, ಸಾಮಾನು ಇಡುತ್ತಾರೆ ಎಂದುಕೊಂಡೆ. ಎರಡು ದಿನ ಬೇರೆ ಸೈಟಿಗೆ ಹೋಗಿ ಬರುವಾಗ ನೆಲಕ್ಕೆ ಕಾಂಕ್ರೀಟು ಬಿದ್ದಾಗಿತ್ತು. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಸರಿಯಾಗಿ ನಡುವಿನಲ್ಲಿ. ಒಂದು ಚೂರು ಇಳಿಜಾರಿಲ್ಲ, ನೀರು ಹೋಗಲು ಪೈಪಿಲ್ಲ. ಮೇಲಿಂದ, ಹೊರಗಿನ ನೀರು ಒಳಗೆ ಬರಬಾರದು ಎಂದು ಹಿಂಬಾಗಿಲಿಗೆ ಮೂರು ಇಂಚಿನ ಹೊಸ್ತಿಲು ಬೇರೆ ಕಟ್ಟಿದ್ದಾರೆ! ಮೇಸ್ತ್ರಿಯನ್ನು ಕೇಳಿದರೆ, “ಉಗ್ರಾಣಕ್ಕೆ ಎಂತಕ್ಕೆ ನೀರಿನ ದಾರಿ?” ಎಂದು ನನಗೇ ತಿರುಗಿ ಕೇಳಿದರು.

ಅವರ ಮಾತು ಸರಿಯೇ. ನಕ್ಷೆಯಲ್ಲಿ ಪೈಪಿನ ಗುರುತು ಇತ್ತು, ಆದರೆ ಹೆಸರು ಅದಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು. ನಮ್ಮ ಕಡೆ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಮುಂಚೆ ಉಗ್ರಾಣ ಮುಹೂರ್ತ ಮಾಡುತ್ತಾರಲ್ವಾ? ಊರವರು ತಂದೊಪ್ಪಿಸುವ ಹೊರೆಕಾಣಿಕೆಯ ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ ಎಲ್ಲ ಅಲ್ಲಿಗೆ ಹೋಗುವುದು. ಆ ಮೇಸ್ತ್ರಿ ಅಂಥ ಉಗ್ರಾಣ ಎಷ್ಟು ನೋಡಿದ್ದಾರೋ. ಅಲ್ಲಿ ಒಂದು ಹನಿ ನೀರು ಬಿದ್ದರೆ ಅಕ್ಕಿ ಹೋಯಿತು. ಆ ಪದ ಓದಿದ ಕೂಡಲೇ ಅವರ ಕೈ ಒಣ ಕೋಣೆಯನ್ನೇ ಕಟ್ಟಿತು. ಕಾಂಕ್ರೀಟು ಒಡೆಸಿದ ಖರ್ಚು ನನ್ನ ಜೇಬಿನದ್ದು.

ಆಗ ಹೊಳೆದದ್ದು ಇಷ್ಟು. ಮನೆಯ ಜಾಗಗಳಿಗೆ ಕನ್ನಡದಲ್ಲಿ ಇರುವ ಹೆಸರುಗಳು ಮೊದಲು ಹೇಳುವುದೇ ಅದು ಒದ್ದೆಯೋ ಒಣಗಿದ್ದೋ ಎಂದು. ಬಚ್ಚಲು ಒದ್ದೆ, ಉಗ್ರಾಣ ಒಣ. ಅಂಗಳ ಒದ್ದೆ, ಚಾವಡಿ ಒಣ. ‘ಯುಟಿಲಿಟಿ’ ಅದನ್ನು ಹೇಳುವುದೇ ಇಲ್ಲ. ಉಪಯೋಗಕ್ಕೆ ಬರುವ ಜಾಗ ಅಂತೆ. ಹಾಗಾದರೆ ಉಳಿದ ಕೋಣೆಗಳು ಎಂತಕ್ಕೆ? ಒಬ್ಬರು ‘ಉಪಯುಕ್ತತಾ ಕೊಠಡಿ’ ಎಂದು ಸೂಚಿಸಿದರು. ಅದು ಸರ್ಕಾರಿ ಕಟ್ಟಡದ ಬಾಗಿಲ ಮೇಲೆ ಬರೆದು ಬೀಗ ಹಾಕುವ ಹೆಸರಿನ ಹಾಗೆ ಕೇಳುತ್ತದೆ, ಬೇಡ.

ನಂಗೆ ಬೇಕಾದದ್ದು ಅರ್ಧ ಒದ್ದೆ, ಅರ್ಧ ಒಣ ಜಾಗಕ್ಕೆ ಒಂದು ಹೆಸರು.

‘ಬಚ್ಚಲು’ ಎಂದೇ ಬರೆಯಬಹುದಿತ್ತು. ಆ ಪದಕ್ಕೆ ಕೊಳೆ ನೀರು ಹರಿದು ಹೋಗುವ ಜಾಗ ಎಂಬ ಅರ್ಥವೂ ಉಂಟು. ಹೊಲಸು ಮಾತಾಡುವವರಿಗೆ ‘ಬಚ್ಚಲು ಬಾಯಿ’ ಎನ್ನುವುದು ಅದಕ್ಕೇ ಅಲ್ವಾ, ಸ್ನಾನಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೈಸೂರು ಕಡೆಯ ಗೆಳೆಯನ ಮನೆಯಲ್ಲಿ ಅಡುಗೆಮನೆ ಮೂಲೆಯ ಪಾತ್ರೆ ತೊಳೆಯುವ ಜಾಗಕ್ಕೂ ಬಚ್ಚಲು ಎಂದೇ ಹೇಳುತ್ತಿದ್ದರು. ಆದರೆ ಉಡುಪಿಯಲ್ಲಿ ಬಚ್ಚಲು ಎಂದರೆ ಸ್ನಾನದ ಕೋಣೆ, ಹಂಡೆ, ಅದರ ಕೆಳಗಿನ ಒಲೆ. ಒಂದು ನಕ್ಷೆಯಲ್ಲಿ ಎರಡು ಬಚ್ಚಲು ಬರೆದರೆ ಮೇಸ್ತ್ರಿ ಎರಡು ಕಡೆಯೂ ಗೀಸರ್ ಪಾಯಿಂಟ್ ಬಿಡುತ್ತಾರೆ. ಒಮ್ಮೆ ಕಲಿತ ಪಾಠ ಸಾಕು.

ಮಧ್ಯೆ ಒಂದು ಮಾತು, ಪದದ ಆಸೆ ಇರುವವರಿಗೆ ಖುಷಿಯಾಗಬಹುದು. ನೆಲದ ನೀರು ಹೋಗುವ ಜಾಲರಿಯ ಕೆಳಗೆ ಕೂರಿಸುವ ಬಟ್ಟಲಿನಂಥ ಸಾಮಾನಿಗೆ ಪ್ಲಂಬರುಗಳು ‘ನಾನಿ ಟ್ರ್ಯಾಪ್’ ಎನ್ನುತ್ತಾರೆ. ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ, ಅದರಿಂದ ಪೈಪಿನ ವಾಸನೆ ಮೇಲೆ ಬರುವುದಿಲ್ಲ. ನಾನು ವರ್ಷಗಟ್ಟಲೆ ಅದನ್ನು ನಾನಿ ಎಂಬ ಯಾರೋ ಸೇಠ್ ಕಂಡುಹಿಡಿದದ್ದು ಎಂದೇ ನಂಬಿದ್ದೆ. ಈ ಸೈಟಿನ ಪ್ಲಂಬರ್ ಮನೆಮಾತು ಕೊಂಕಣಿ. ಅವರು ಬಿದ್ದು ಬಿದ್ದು ನಕ್ಕರು. “ನಮ್ಮಲ್ಲಿ ಬಚ್ಚಲಿಗೇ ನ್ಹಾಣಿ ಹೇಳುದು ಮಾರಾಯ್ರೆ.” ಮರಾಠಿಯಲ್ಲೂ ನ್ಹಾಣಿ ಎಂದರೆ ಸ್ನಾನದ ಜಾಗ. ಅಂಗಡಿಯ ಬಿಲ್ಲಿನಲ್ಲಿ ‘ನಹಾನಿ ಟ್ರ್ಯಾಪ್’ ಎಂದು ಬರೆಯುವುದೂ ಅದನ್ನೇ. ದಿನಾ ಬಾಯಲ್ಲಿ ಓಡಾಡುವ ಪದ ಪಕ್ಕದ ಮನೆಯದ್ದು ಎಂದು ಗೊತ್ತೇ ಇರಲಿಲ್ಲ.

‘ಹಿತ್ತಿಲು’ ಎಂದು ಬೆಂಗಳೂರಿನ ನೆಂಟರು ಹೇಳಿದರು. ನಮ್ಮಲ್ಲಿ ಅದು ಕೆಲಸ ಮಾಡುವುದಿಲ್ಲ. ಇಲ್ಲಿ ಹಿತ್ಲು ಎಂದರೆ ಮನೆ, ಬಾವಿ, ತೆಂಗಿನಮರ ಎಲ್ಲ ಸೇರಿದ ಇಡೀ ಜಾಗವೂ ಆಗುತ್ತದೆ. ಹೊಸಹಿತ್ಲು, ಮೇಲಿನಹಿತ್ಲು ಎಂಬ ಮನೆ ಹೆಸರುಗಳೇ ಉಂಟು. ನಲವತ್ತೈದು ಚದರ ಅಡಿಗೆ ಆ ಹೆಸರು ಭಾರ.

‘ಕೈಸಾಲೆ’ ನನಗೆ ಇಷ್ಟವಾಯಿತು. ಪಡಸಾಲೆ, ಮೊಗಸಾಲೆಯ ಜಾತಿಯ ಹಳೇ ಪದ, ಜಗಲಿಯಂಥ ಜಾಗಕ್ಕೆ ಹೇಳುವುದು. ಕೈತೋಟದ ಹಾಗೆ ಕೈಗೆ ಹತ್ತಿರದ್ದು ಎಂದೂ ಕೇಳಿಸುತ್ತದೆ. ಆಸೆಯಿಂದ ಬರೆದು ತೋರಿಸಿದೆ. ಅಮ್ಮ ಕನ್ನಡಕ ಮೇಲೆ ಸರಿಸಿ ಎರಡು ಸಲ ಓದಿದರು. “ಕೈ ಶಾಲೆಯಾ? ಮಕ್ಕಳು ಎಲ್ಲಿದ್ದಾರೆ?” ಅಲ್ಲಿಗೆ ಅದು ಮುಗಿಯಿತು.

ಇನ್ನು ಜನ ನಿಜವಾಗಿ ಹೇಳುವುದು. ಮಂಗಳೂರಿನ ಫ್ಲ್ಯಾಟುಗಳಲ್ಲಿ ಇದಕ್ಕೆ ‘ವರ್ಕ್ ಏರಿಯಾ’ ಎನ್ನುತ್ತಾರೆ, ಕೇರಳದಲ್ಲೂ ಹಾಗೆಯೇ. ಬೆಂಗಳೂರಿಗೆ ಹೋದರೆ ಅದೇ ಜಾಗ ಯುಟಿಲಿಟಿ ಆಗುತ್ತದೆ. ಎರಡರಲ್ಲಿ ನಂಗೆ ವರ್ಕ್ ಏರಿಯಾವೇ ಮೇಲು, ಮನೆಗೆಲಸದವರ ಬಾಯಲ್ಲೂ ‘ವರ್ಕೇರಿಯ’ ಎಂದು ಒಂದೇ ಪದವಾಗಿ ಕೂತುಬಿಟ್ಟಿದೆ. ಆದರೆ ಅದೂ ಒದ್ದೆಯೋ ಒಣವೋ ಹೇಳುವುದಿಲ್ಲ.

ಹೆಸರಿಗೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದರೆ, ಜಾಗ ಅಷ್ಟು ಸಣ್ಣದು. ಐದಡಿ ಎಂದರೆ ಒಂದೂವರೆ ಮೀಟರ್. ಮುಂದಿನಿಂದ ಬಟ್ಟೆ ಹಾಕುವ ಮಷೀನು 60 ಸೆಂಟಿಮೀಟರ್ ಅಗಲ, ಹೆಚ್ಚುಕಡಿಮೆ ಅಷ್ಟೇ ಆಳ. ಹಿಂದೆ ಪೈಪಿಗೆ ಹತ್ತು ಬಿಟ್ಟರೆ ಎದುರಿಗೆ ಉಳಿಯುವುದು 80. ಅಷ್ಟರಲ್ಲೇ ಮಷೀನಿನ ಬಾಗಿಲು ತೆರೆಯಬೇಕು, ಅಮ್ಮ ಬಗ್ಗಬೇಕು. ಹಾಗಾಗಿ ಎದುರು ಗೋಡೆಗೆ ಏನೂ ಇಡುವ ಹಾಗಿಲ್ಲ, ಎಲ್ಲ ಒಂದೇ ಸಾಲಿಗೆ. ಹಿಂಬಾಗಿಲು ದಾಟಿದ ಕೂಡಲೇ ಕಾಲು ತೊಳೆಯುವ ಕಲ್ಲು, ಅದಕ್ಕೆ ತಾಗಿ ಒಗೆಯುವ ಕಲ್ಲು ಮತ್ತು ನಳ್ಳಿ. ಅಷ್ಟು ನೆಲ ಎರಡು ಇಂಚು ತಗ್ಗು, ಜಾಲರಿಯ ಕಡೆಗೆ ಇಳಿಜಾರು. ಆಮೇಲೆ ನಾಲ್ಕು ಇಂಚಿನ ಕಟ್ಟೆಯ ಮೇಲೆ ಮಷೀನು. ಅಡುಗೆಮನೆ ಬಾಗಿಲ ಹತ್ತಿರ ಒಣ ಭಾಗ: ಒಂದು ಬೆಂಚು, ಅದರಡಿ ಚಪ್ಪಲಿ, ಮೇಲೆ ಕೊಡೆ ಮತ್ತು ರೈನ್‌ಕೋಟಿಗೆ ಗೂಟ. ಚಪ್ಪಲಿ ಒಳಗೆ ಎಂದಾಗ ಅಮ್ಮ ಮುಖ ಸಿಂಡರಿಸಿದರು. ‘ತೊಳೆದು, ನೀರು ಇಳಿಸಿದ ಚಪ್ಪಲಿ ಮಾತ್ರ’ ಎಂದು ಮಗಳ ಜೊತೆ ರಾಜಿಯಾಯಿತು. ಕಡೆಯುವ ಕಲ್ಲಿಗೆ ಮೂಲೆ ಇನ್ನೂ ಸಿಕ್ಕಿಲ್ಲ.

ಹಿಂಬಾಗಿಲು ಒಳಗೆ ತೆರೆದರೆ ಜಾಗ ತಿನ್ನುತ್ತದೆ. ಹೊರಗೆ ತೆರೆದರೆ ಎರಚಲಿಗೆ ನೆನೆದು ಮರ ಉಬ್ಬುತ್ತದೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎರಡು ಜನ ಎಳೆಯಬೇಕು. ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನಮ್ಮ ಜುಲೈ ತಿಂಗಳೊಂದೇ ಅದನ್ನು ಮೀರಿಸುತ್ತದೆ. ಮಗಳು ಕಳಿಸಿದ ಚಿತ್ರಗಳಲ್ಲಿ ಬೂಟ್ ರೂಮಿನ ಗೋಡೆಗೆ ಚೆಂದದ ಮರದ ಹಲಗೆ ಹೊದೆಸಿದ್ದರು. ಇಲ್ಲಿ ಹಾಗೆ ಮಾಡಿದರೆ ಮೊದಲ ಮಳೆಗಾಲಕ್ಕೇ ಬೂಷ್ಟು, ಎರಡನೆಯದ್ದಕ್ಕೆ ಗೆದ್ದಲು. ಈ ಬಾಗಿಲಿಗೆ ಮೊದಲು ಮಳೆಗಾಲದಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರಂತೆ. ಈಗ ಶೀಟು.

ಹೋದ ವಾರ ಅಮ್ಮ ಕೆಲಸದವರಿಗೆ ಚಾ ತಂದರು. ಲೋಟದ ತಟ್ಟೆ ಎಲ್ಲಿಡುವುದು ಎಂದು ಸೊಸೆ ಒಳಗಿಂದ ಕೇಳಿದಾಗ, “ಹಿಂದಿನ ಜಗಲಿಯಲ್ಲಿ ಇಡು” ಎಂದರು. ನಾನು ಕಿವಿ ನಿಮಿರಿಸಿದೆ. ಅವರು ಹೇಳಿದ್ದು ಇದೇ ಕೋಣೆಗೆ, ಇನ್ನೂ ಟೈಲ್ಸ್ ಬೀಳದ ಒಂಬತ್ತು ಗುಣಿಸು ಐದಕ್ಕೆ. ಕೆಡವುವ ಮೊದಲು ಆ ಜಾಗದಲ್ಲೇ ಒಂದು ಸಣ್ಣ ಇಳಿಮಾಡಿನ ಜಗಲಿ ಇತ್ತಂತೆ. ಅರ್ಧಕ್ಕೆ ಎರಚಲು ಬೀಳುತ್ತಿತ್ತು, ಅಲ್ಲಿ ಮೀನು, ಪಾತ್ರೆ. ಒಣಗಿರುವ ಅರ್ಧದಲ್ಲಿ ಹೆರೆಮಣೆ, ಮೆಟ್ಟುಗತ್ತಿ, ಮಧ್ಯಾಹ್ನ ಅವರ ಅತ್ತೆ ಕಾಲು ಚಾಚಿ ಕೂರುವುದು.

ಹಾಗಾಗಿ ಸದ್ಯಕ್ಕೆ ಪೆನ್ಸಿಲ್‌ನಲ್ಲಿ ‘ಹಿಂಜಗಲಿ’ ಎಂದು ಬರೆದಿದ್ದೇನೆ. ಒಂದು ಅನುಮಾನ ಉಳಿದಿದೆ. ಜಗಲಿ ಎಂದರೆ ತೆರೆದದ್ದು, ನೆಲ ಎತ್ತರಿಸಿದ್ದು. ಇದಕ್ಕೆ ನಾಲ್ಕು ಗೋಡೆ, ಅರ್ಧ ನೆಲ ತಗ್ಗು. ಟೈಲ್ಸಿನವರು ಜಗಲಿ ಎಂದು ಓದಿ ನುಣ್ಣನೆ ಹೊಳೆಯುವ ಟೈಲ್ಸ್ ಹಾಕಿಬಿಟ್ಟರೆ ಅಮ್ಮ ಜಾರಿ ಬೀಳುತ್ತಾರೆ.

ನನ್ನ ಪ್ರಶ್ನೆಗಳು. ಕುಂದಾಪುರ ಕಡೆ ಅಡುಗೆಮನೆ ಹಿಂದಿನ ಇಂಥ ಜಾಗಕ್ಕೆ ಎಂತ ಹೇಳುತ್ತಾರೆ? ಪುತ್ತೂರು, ಸುಳ್ಯದವರ ಹವ್ಯಕ ಮನೆಗಳಲ್ಲಿ ಬೇರೆ ಹೆಸರು ಉಂಟಾ? ತುಳುವಿನಲ್ಲಿ ಕೊಟ್ಯ ಎಂದರೆ ಹೊರಗಿನ ಶೆಡ್ಡು ಆಗುತ್ತದೆ, ಮನೆಗೆ ಅಂಟಿಕೊಂಡದ್ದಕ್ಕೆ ಬೇರೆ ಪದ ಯಾರಿಗಾದರೂ ಗೊತ್ತಾ? ಇನ್ನೊಂದು, ಕಾಲು ತೊಳೆಯುವ ಕಲ್ಲಿಗೆ ಒಂದೇ ಪದದ ಹೆಸರು ನಿಮ್ಮ ಅಜ್ಜಿಯರ ಬಾಯಲ್ಲಿ ಕೇಳಿದ್ದರೆ ದಯವಿಟ್ಟು ತಿಳಿಸಿ. ನಿಘಂಟಿನದ್ದು ಬೇಡ, ಕಿವಿಯಾರೆ ಕೇಳಿದ್ದು ಬೇಕು.

ಬುಧವಾರ ರಾತ್ರಿಯ ತನಕ ಪೆನ್ಸಿಲ್ಲೇ ಇರುತ್ತದೆ.