ಒಂದು ರಾತ್ರಿ ಮಲಗೋಕೆ ಇಷ್ಟೊಂದು ಸ್ಟೈಲ್ ಬೇಕಾ?

ಬ್ಯಾಗ್ ಹೆಗಲಿಗೆ:
ಆಫೀಸ್ ಕೆಲಸಕ್ಕೆ ಮುಂಬೈಗೆ ಹೋಗಿದ್ದೆವು, ನಾನೂ ನಮ್ಮ ಟೀಮಿನ ಇನ್ನೊಬ್ಬರೂ. ಬೆಳಿಗ್ಗೆ ಬಿಕೆಸಿಯಲ್ಲಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಬರೀ ಆಫೀಸುಗಳ ಏರಿಯಾ) ಮೀಟಿಂಗ್. ಹಿಂದಿನ ರಾತ್ರಿ ಉಳಿಯೋಕೆ ಕಂಪನಿಯವರು ಅಂಧೇರಿ ಕಡೆ ಒಂದು ಸ್ಟೈಲಿನ ಹೋಟೆಲ್ ಬುಕ್ ಮಾಡಿದ್ದರು. ಹೆಸರು ಬೇಡ ಬಿಡಿ. ಲಾಬಿಯಲ್ಲಿ ಹಳೇ ಪದ್ಮಿನಿ ಟ್ಯಾಕ್ಸಿಯ ಅರ್ಧ ಬಾಡಿ ತಂದು ಗೋಡೆಗೆ ಕೂರಿಸಿದ್ದಾರೆ (ಅಸಲಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ಗೆ ಮುಂಬೈ ರಸ್ತೆ ಬಿಟ್ಟಿತು, ಈಗ ಗೋಡೆಯೇ ಗತಿ). ರೂಮಿಗೆ ಹೋದರೆ ಬಚ್ಚಲಿಗೂ ಹಾಸಿಗೆಗೂ ನಡುವೆ ಬರೀ ಗಾಜು. ನಮ್ಮದು ಟ್ವಿನ್ ಶೇರಿಂಗ್ ಬೇರೆ. ಪರದೆ ಇದೆ, ಇಲ್ಲ ಅಂತಲ್ಲ, ಆದರೆ ಅದರ ಸ್ವಿಚ್ ಇರೋದು ಹಾಸಿಗೆ ಪಕ್ಕದಲ್ಲಿ. ಅಂದರೆ ಸ್ನಾನ ಮಾಡುವವನ ಮಾನ ಮಲಗಿರುವವನ ಕೈಯಲ್ಲಿ! ಕೊನೆಗೆ ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಕೆಳಗೆ ಟ್ಯಾಕ್ಸಿ ನೋಡುತ್ತಾ ಕೂತೆವು. ಲ್ಯಾಪ್‌ಟಾಪ್ ಇಡೋಕೆ ಊಟದ ತಟ್ಟೆಯಷ್ಟಗಲದ ಒಂದು ಟೇಬಲ್. ಮಂಚದ ಕೆಳಗೆ ನೀಲಿ ಲೈಟು, ಯಾವ ಸ್ವಿಚ್ ಒತ್ತಿದರೂ ಆರಲಿಲ್ಲ, ಬಾಗಿಲ ಹತ್ತಿರದ ಕಾರ್ಡ್ ಕಿತ್ತರೆ ಲೈಟಿನ ಜೊತೆ ಏಸಿಯೂ ಹೋಯಿತು. ಇದನ್ನೆಲ್ಲ ಯಾರಿಗೋಸ್ಕರ ಕಟ್ಟುತ್ತಾರೆ ಸ್ವಾಮಿ?

ಗೆರೆ-ಇಟ್ಟಿಗೆ:
ನಾನು ಆರ್ಕಿಟೆಕ್ಟ್. ಬೈಯುವ ಮುಂಚೆ ಸ್ವಲ್ಪ ಕೇಳಿ. ಮುಂಬೈಯಲ್ಲಿ ಜಾಗಕ್ಕೆ ಚಿನ್ನದ ಬೆಲೆ, ರೂಮು ಚಿಕ್ಕದೇ ಆಗುತ್ತೆ. ನೀರಿನ ಪೈಪುಗಳ ಶಾಫ್ಟ್ ಕಾರಿಡಾರ್ ಪಕ್ಕ ಬರುವುದರಿಂದ ಬಚ್ಚಲೂ ಆ ಕಡೆಗೇ ಬರುತ್ತೆ. ಕಿಟಕಿ ಇರೋದು ಎದುರು ತುದಿಯಲ್ಲಿ. ನಡುವೆ ಇಟ್ಟಿಗೆ ಗೋಡೆ ಹಾಕಿದರೆ ಬಚ್ಚಲು ಕತ್ತಲೆ, ರೂಮು ಡಬ್ಬಿ. ಗಾಜು ಹಾಕಿದರೆ ಎರಡಕ್ಕೂ ಬೆಳಕು, ಗೋಡೆಯ ದಪ್ಪವೂ ಉಳಿಯುತ್ತೆ. ಸ್ಟೈಲ್ ಹೋಟೆಲ್ ಅನ್ನೋದು ನಿನ್ನೆ ಮೊನ್ನೆಯ ಶೋಕಿ ಏನಲ್ಲ. ನ್ಯೂಯಾರ್ಕಿನಲ್ಲಿ 1984ರಲ್ಲಿ ಮಾರ್ಗನ್ಸ್ ಅಂತ ಒಂದು ಹೋಟೆಲ್ ಶುರುವಾಯಿತು. ಇಯಾನ್ ಶ್ರೇಗರ್, ಸ್ಟೀವ್ ರುಬೆಲ್ ಅನ್ನುವ ಇಬ್ಬರು ನೈಟ್‌ಕ್ಲಬ್ ನಡೆಸುತ್ತಿದ್ದವರು ಮಾಡಿದ್ದು. ದೊಡ್ಡ ಹೋಟೆಲುಗಳೆಲ್ಲ ಒಂದೇ ಥರ ಇದ್ದ ಕಾಲದಲ್ಲಿ ಚಿಕ್ಕ ರೂಮಿಗೂ ಒಂದು ಗುಣ ತಂದರು. ಹಾಂ, ಸ್ವಿಚ್ ಹಾಸಿಗೆ ಪಕ್ಕ ಇಟ್ಟಿದ್ದು ಮಾತ್ರ ಪೆದ್ದತನ, ಅದಕ್ಕೆ ನನ್ನ ವಕಾಲತ್ತಿಲ್ಲ. ಆದರೆ ಆಫೀಸಿನ ಇಬ್ಬರನ್ನು ಒಂದೇ ರೂಮಿಗೆ ತುರುಕಿದ್ದು ನಿಮ್ಮ ಕಂಪನಿ, ಡಿಸೈನ್ ಮಾಡಿದವನಲ್ಲ.

ಲೆಕ್ಕದಣ್ಣ:
ತುರುಕಿದ್ದು ಯಾಕೆ ಅಂತ ನಾನು ಹೇಳ್ತೀನಿ, ಇಂಥ ಬಿಲ್ ಪಾಸ್ ಮಾಡೋದೇ ನನ್ನ ಕೆಲಸ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದಕ್ಕಿಂತ ಒಂದು ರೂಪಾಯಿ ಜಾಸ್ತಿಯಾದರೂ ಪೂರ್ತಿ ಮೊತ್ತಕ್ಕೆ ಶೇ 18. 7,400ರ ರೂಮು ತೆರಿಗೆ ಸೇರಿ 7,770ಕ್ಕೆ ಮುಗಿಯುತ್ತೆ, 7,600ರದ್ದು 8,968 ಆಗುತ್ತೆ. ಇನ್ನೂರು ರೂಪಾಯಿ ವ್ಯತ್ಯಾಸಕ್ಕೆ ಸಾವಿರದ ಇನ್ನೂರು ಹೋಯಿತು! ಇನ್‌ಪುಟ್ ಕ್ರೆಡಿಟ್, ಅಂದರೆ ಬಿಲ್ಲಿನಲ್ಲಿ ಕಟ್ಟಿದ ಜಿಎಸ್‌ಟಿಯನ್ನು ಕಂಪನಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋದು, ಬರುತ್ತಲ್ವಾ ಅಂತ ಯಾರಾದರೂ ಕೇಳ್ತೀರಿ. ಬರಲ್ಲ. ಹೋಟೆಲ್ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ತೆರಿಗೆ ಬೀಳೋದು. ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವ ಕಂಪನಿಗೆ ಮಹಾರಾಷ್ಟ್ರದ ಜಿಎಸ್‌ಟಿ ವಾಪಸ್ ಸಿಗಲ್ಲ, ಅದು ಸೀದಾ ಖರ್ಚೇ. ಹಾಗಾಗಿ ಸ್ಟೈಲೂ ಬೇಕು, ಖರ್ಚೂ ಹಿಡಿತದಲ್ಲಿರಬೇಕು ಅಂದಾಗ ಎಲ್ಲರಿಗೂ ಹೊಳೆಯೋದು ಒಂದೇ ರೂಮು, ಎರಡು ಮಂಚ.

ಬ್ಯಾಗ್ ಹೆಗಲಿಗೆ:
ಅಣ್ಣಾ, ಉಳಿತಾಯ ನಿಮ್ಮದು, ಲಾಬಿಯಲ್ಲಿ ಟವೆಲ್ ಹಿಡಿದು ಕೂರೋದು ನಮ್ಮದು.

ಬ್ಯಾಡಗಿ ಮೆಣಸಿನಕಾಯಿ:
ಗಂಡಸರ ಪುರಾಣ ಆಯ್ತಲ್ಲ, ಈಗ ನಂದೊಂದು ಕೇಳ್ರಿ. ನಾನು ಕಂಪನಿ ಆಡಿಟ್‌ಗೆ ಅಂತ ಪುಣೆ, ದೆಹಲಿ, ಮುಂಬೈ ಒಬ್ಬಳೇ ತಿರುಗುವವಳು. ನನಗೆ ಈ ಸ್ಟೈಲಿನ ಹೋಟೆಲೇ ಬೇಕು. ಕಾರ್ಡ್ ಇಲ್ಲದೆ ಲಿಫ್ಟ್ ಮೇಲೆ ಹೋಗಲ್ಲ. ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಕೌಂಟರಿನಲ್ಲಿ ಜನ ಇರ್ತಾರೆ, ಬಾಗಿಲಿಗೆ ಒಳಗಿನಿಂದ ಚೈನು ಇರುತ್ತೆ. ಹಿಂದೆ ಒಂದು ಸಾದಾ ಲಾಡ್ಜಿನಲ್ಲಿ ರಾತ್ರಿ ಹನ್ನೊಂದೂವರೆಗೆ "ಮೇಡಂ, ನೀರು ಬೇಕಾ" ಅಂತ ಬಾಗಿಲು ಬಡಿದಿದ್ದರು. ನಾನು ನೀರು ಕೇಳಿರಲೇ ಇಲ್ಲ. ಆ ರಾತ್ರಿ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಮಲಗಿದ್ದೆ. ಅದರ ಮುಂದೆ ಗಾಜಿನ ಗೋಡೆ ಯಾವ ಲೆಕ್ಕ? ಒಂದು ಮಾತು ಮಾತ್ರ ಒಪ್ತೀನಿ, ದುಬಾರಿ ಹೋಟೆಲಲ್ಲೂ ಕೆಲವು ಕೌಂಟರಿನವರು ರೂಮ್ ನಂಬರನ್ನು ಲಾಬಿಗೆಲ್ಲ ಕೇಳುವ ಹಾಗೆ ಕೂಗಿ ಹೇಳ್ತಾರೆ. ನಾನು ಈಗ "ಬರೆದು ಕೊಡಿ" ಅಂತೀನಿ. ಆಧಾರ್ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಕೊಡ್ತೀನಿ.

ಕೌಂಟರ್ ಹಿಂದೆ:
ಅಕ್ಕ ಹೇಳಿದ್ದು ಸರಿ, ನಂಬರ್ ಕೂಗಬಾರದು ಅಂತ ನಮಗೆ ಟ್ರೇನಿಂಗಲ್ಲೇ ಹೇಳಿರ್ತಾರೆ. ನಾನು ಕುಂದಾಪುರದ ಕಡೆಯವನು, ಮುಂಬೈಯ ಒಂದು ಹೋಟೆಲಲ್ಲಿ ನೈಟ್ ಶಿಫ್ಟ್ ಮಾಡ್ತೇನೆ. ಯಾರಿಗೋಸ್ಕರ ಕಟ್ಟುತ್ತಾರೆ ಅಂತ ಕೇಳಿದ್ರಲ್ಲ ಮಾರಾಯ್ರೆ, ಸೋಮವಾರದಿಂದ ಗುರುವಾರ ನಿಮ್ಮಂಥವರು, ಶುಕ್ರವಾರದಿಂದ ಜೋಡಿಗಳು. ರೂಮು ಅದೇ. ವಾರದ ದಿನ ಕಂಪನಿ ದರಕ್ಕೆ ಹೋಗುವ ರೂಮು ಶನಿವಾರ ಒಳ್ಳೆ ರೇಟಿಗೆ ಹೋಗಬೇಕು ಅಂದರೆ ಬುಕಿಂಗ್ ಆ್ಯಪ್‌ನ ಫೋಟೊದಲ್ಲಿ ಆ ಗಾಜೂ ಆ ನೀಲಿ ಲೈಟೂ ಕಾಣಬೇಕು. ದೊಡ್ಡ ಟೇಬಲ್ಲಿನ ಫೋಟೊ ನೋಡಿ ಯಾವ ಜೋಡಿ ರೂಮು ತಗೊಳ್ತದೆ ಹೇಳಿ?

ಆದರೆ ನೀವು ಫೋನ್ ಎತ್ತಿ ಸೊನ್ನೆ ಒತ್ತಬೇಕಿತ್ತು. ಬಕೆಟ್, ಮಗ್, ಇಸ್ತ್ರಿಪೆಟ್ಟಿಗೆ, ಇನ್ನೊಂದು ದಿಂಬು, ಎಲ್ಲ ಸ್ಟೋರಿನಲ್ಲಿ ಇರ್ತದೆ, ಕೇಳಿದರೆ ತಂದು ಕೊಡ್ತಾರೆ. ಲೈಟಿಗೂ ಯಾರಾದರೂ ಮೇಲೆ ಬರ್ತಿದ್ರು. ಹಾಗೇ ಬುಕ್ ಮಾಡುವಾಗಲೇ ಲಿಫ್ಟಿನಿಂದ ದೂರದ ರೂಮು ಅಂತ ಬರೆಸಿ. ನಡುರಾತ್ರಿ ನಮ್ಮಲ್ಲಿ ಆ ದಿನದ ಲೆಕ್ಕ ಮುಚ್ಚುವ ಹೊತ್ತು, ನೈಟ್ ಆಡಿಟ್ ಅಂತೇವೆ, ಆಗ ಬಂದವರಿಗೆ ಉಳಿದ ರೂಮೇ ಸಿಗೋದು, ಅದು ಹೆಚ್ಚಾಗಿ ಲಿಫ್ಟ್ ಪಕ್ಕದ್ದೇ ಆಗಿರ್ತದೆ.

ಮಾಟುಂಗದ ಹಳಬ:
ಎಲ್ಲರೂ ಅಂಧೇರಿಯಲ್ಲೇ ಯಾಕೆ ಬಂದು ಬೀಳ್ತೀರೋ ತಿಳಿಯದು. ಏರ್‌ಪೋರ್ಟ್ ಹತ್ತಿರ ಅಂತ ತಾನೆ? 2024ರ ಅಕ್ಟೋಬರಲ್ಲಿ ಮೆಟ್ರೊ 3 ಶುರುವಾದ ಮೇಲೆ ಟಿ2 ಟರ್ಮಿನಲ್ಲಿನಿಂದ ಬಿಕೆಸಿಗೆ ನೆಲದಡಿಯಲ್ಲೇ ಹೋಗಬಹುದು. ಈಗ ಅದೇ ಲೈನು ಕಫ್ ಪರೇಡ್‌ವರೆಗೂ ಇದೆ. ಮಾಟುಂಗ, ದಾದರ್ ಕಡೆ ಸಾದಾ ರೂಮು ಹಿಡಿದು ಉಳಿದ ದುಡ್ಡಿಗೆ ಊಟ ಮಾಡಿ. ಮಾಟುಂಗ ಸ್ಟೇಷನ್ ಪಕ್ಕ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಬಾಳೆಎಲೆ ಮೇಲೆ ಸಾರು, ಹುಳಿ, ಪಲ್ಯ ಬೀಳುವಾಗ ನಿಮ್ಮ ನೀಲಿ ಲೈಟು ನೆನಪಿಗೆ ಬರಲ್ಲ. ಒಂದು ಎಚ್ಚರಿಕೆ, ರಿಕ್ಷಾದವನು ಬಾಂದ್ರಾ, ಸಯನ್ ದಾಟಿ ಈ ಕಡೆ ಬರಲ್ಲ, ಟ್ಯಾಕ್ಸಿಯೇ ಹಿಡಿಯಬೇಕು.

ಬ್ಯಾಡಗಿ ಮೆಣಸಿನಕಾಯಿ:
ಯಜಮಾನ್ರೇ, ಊಟಕ್ಕೆ ಬರ್ತೀನಿ, ಮಲಗೋಕೆ ಬರಲ್ಲ. "ಸಾದಾ ರೂಮು" ಅಂತ ನೀವು ಸಲೀಸಾಗಿ ಹೇಳ್ತೀರಿ, ಅದರ ಚಿಲಕ ಹೇಗಿದೆ ಅಂತ ಮೊದಲು ಹೇಳ್ರಿ.

ನಿದ್ದೆಗೆಟ್ಟವ:
ಎಲ್ಲಿ ಮಲಗಿದರೂ ಮೊದಲ ರಾತ್ರಿ ನಿದ್ದೆ ಕೆಡೋದೇ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದ್ದಾರೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಮೆದುಳಿನ ಎಡಭಾಗ ಬಲಭಾಗದಷ್ಟು ಗಾಢ ನಿದ್ದೆಗೆ ಇಳಿಯಲ್ಲವಂತೆ, ಸಣ್ಣ ಸದ್ದಿಗೂ ಎಚ್ಚರವಾಗುತ್ತಂತೆ. ಸುಮ್ನೆ ಹೋಟೆಲನ್ನು ಯಾಕೆ ಬೈಯೋದು.

ಬ್ಯಾಗ್ ಹೆಗಲಿಗೆ:
ಎಡಭಾಗ ಹೇಗೂ ಎಚ್ಚರ ಇರುತ್ತೆ ಅಂತಾದರೆ ಲೈಟಾದರೂ ಆರಿಸೋಕೆ ಬಿಡಬೇಕಲ್ವಾ? ನನ್ನ ಜಗಳ ಅಷ್ಟೇ. ಕೌಂಟರ್ ಅಣ್ಣಾ, ನೀವಂದದ್ದು ಸರಿ ಇರಬಹುದು, ಆದರೆ ರಾತ್ರಿ ಒಂದು ಗಂಟೆಗೆ ಲೈಟ್ ಆರಿಸೋಕೆ ಇನ್ನೊಬ್ಬರನ್ನು ಕರೆಸಬೇಕಾದ ರೂಮನ್ನು ಸ್ಟೈಲ್ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ಗೆರೆ-ಇಟ್ಟಿಗೆ:
ಅದು ಕೆಟ್ಟ ವೈರಿಂಗ್, ಸ್ಟೈಲ್ ಅಲ್ಲ. ಎರಡನ್ನೂ ಒಂದೇ ಗೋಣಿಯಲ್ಲಿ ಹಾಕಬೇಡಿ. ತಲೆದಿಂಬಿನ ಹತ್ತಿರ ಒಂದು ಮಾಸ್ಟರ್ ಸ್ವಿಚ್, ಗಾಜಿಗೆ ಒಳಗಿನಿಂದ ಎಳೆಯುವ ಪರದೆ. ಇಷ್ಟು ಮಾಡಿದ್ದರೆ ನೀವು ಅದೇ ಹೋಟೆಲನ್ನು ಇಲ್ಲಿ ಹೊಗಳುತ್ತಿದ್ದಿರಿ.

ಲೆಕ್ಕದಣ್ಣ:
ಹೊಗಳಿಕೆ ಆಮೇಲೆ. ಬ್ಯಾಗ್ ಗುರು, ನಿಮ್ಮ ಹೋಟೆಲ್ ದರ 7,500 ದಾಟಿತ್ತಾ?

ಬ್ಯಾಗ್ ಹೆಗಲಿಗೆ:
7,600. ನೀವು ಉದಾಹರಣೆ ಕೊಟ್ಟಾಗ ನಮ್ಮ ಬಿಲ್ ಎಲ್ಲಿ ನೋಡಿದ್ರಿ ಅಂತ ಗಾಬರಿಯಾಗಿತ್ತು.

ಲೆಕ್ಕದಣ್ಣ:
ಹಾಗಾದರೆ 8,968 ಕಟ್ಟಿದ್ದಾರೆ. 4,000ದ ಎರಡು ಬೇರೆ ಬೇರೆ ರೂಮು ಹಿಡಿದಿದ್ದರೆ ತೆರಿಗೆ ಸೇರಿ 8,400. ಇಬ್ಬರಿಗೂ ಸ್ವಂತ ಬಚ್ಚಲು, ಮೇಲೆ 568 ರೂಪಾಯಿ ಉಳಿತಾಯ. ಮೆಣಸಿನಕಾಯಿ ಮೇಡಂ ಕೋಪ ಮಾಡ್ಕೋಬೇಡಿ, ಒಬ್ಬರೇ ಹೋಗುವಾಗ 7,500ರ ಒಳಗೇ ಕಾರ್ಡ್ ಲಿಫ್ಟು, ಚೈನು ಇರುವ ರೂಮು ಹುಡುಕಿದರೆ ಸಿಗುತ್ತೆ, ನಾನು ನಮ್ಮವರಿಗೆ ಹಾಗೇ ಕೊಡಿಸೋದು. ಬ್ಯಾಗ್ ಗುರು, ಈ ಲೆಕ್ಕವನ್ನು ಹೀಗೇ ಕಾಪಿ ಮಾಡಿ ನಿಮ್ಮ ಎಚ್‌ಆರ್‌ಗೆ ಮೇಲ್ ಹಾಕಿ. ಗಾಜಿನ ವಿಷಯ ಬರೀಬೇಡಿ, ಅದನ್ನು ಓದಿ ನಗ್ತಾರೆ ಅಷ್ಟೇ. 568ಕ್ಕೆ ಉತ್ತರ ಕೊಡಲೇಬೇಕು.