ಅಪ್‌ಡೇಟ್: ಎಲೆಚುಕ್ಕೆಗೆ ಅಂಕ ಕೊಡಲು ಎಷ್ಟು ಮರ, ಎಷ್ಟು ಜನ?

ಹಿಂದೆ ಕೇಳಿದ್ದೆ: ತೀರ್ಥಹಳ್ಳಿ ಕಡೆ ಅಡಿಕೆ ಎಲೆಚುಕ್ಕೆ ರೋಗ ಎಷ್ಟಿದೆ ಅಂತ ಬೇರೆ ಬೇರೆಯವರು ಕೊಡುವ ಅಂಕ ಎಷ್ಟು ತಾಳೆಯಾಗುತ್ತದೆ ಅಂತ ನೋಡಬೇಕು, ದುಡ್ಡು ಕಮ್ಮಿ, ಮರ ಜಾಸ್ತಿ ಮಾಡಲೋ, ನೋಡುವವರನ್ನೋ? ಸೂತ್ರ ಹಾಕಿ ಅಂದವರಿಗೆ ಥ್ಯಾಂಕ್ಸ್.

ಐಸಿಸಿ (ಅಂಕಗಳು ಎಷ್ಟು ತಾಳೆಯಾಗುತ್ತವೆ ಅನ್ನುವ ಅಳತೆ, 1 ಅಂದರೆ ಪೂರ್ತಿ ತಾಳೆ) 0.8 ಇರಬಹುದು, 95% ವಿಶ್ವಾಸಾಂತರದ (ನಿಜವಾದ ಐಸಿಸಿ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನುವ ಅಂದಾಜಿನ) ಅಗಲ 0.2 ಇದ್ದರೆ ಸಾಕು ಅಂತ ಇಟ್ಟುಕೊಂಡೆ. ಎಷ್ಟು ಮರ ಬೇಕು ಅಂತ ಲೆಕ್ಕ ಹಾಕುವ ಬಾನೆಟ್ ಅವರ 2002ರ ಸೂತ್ರದಲ್ಲಿ, ಇಬ್ಬರೇ ಇದ್ದಾಗಿನ ತಿದ್ದುಪಡಿಯೂ ಸೇರಿ, ನೋಡುವವರು ಇಬ್ಬರಾದರೆ 55 ಮರ, ಮೂವರಾದರೆ 36. ಒಟ್ಟು ಅಂಕಗಳು 110 ಮತ್ತು 108. ಬರೀ ಅಂಕಕ್ಕೇ ಖರ್ಚಾಗುವುದಾದರೆ ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ನಮ್ಮ ದುಡ್ಡು ಹೋಗುವುದು ಕೊನೆಗೌಡರಿಗೆ. ಮರ ಹತ್ತಿ ಸೋಗೆ ಇಳಿಸಬೇಕಲ್ವಾ, ಮರಕ್ಕಿಷ್ಟು ಅಂತ ಕೂಲಿ. ಕೆಳಗೆ ಬಿದ್ದ ಸೋಗೆಯನ್ನು ಇನ್ನೊಬ್ಬರು ನೋಡಲು ಒಂದು ಲೋಟ ಕಾಫಿ ಖರ್ಚು. ಹಾಗಾಗಿ ಮೂವರು. ನಾಲ್ಕನೆಯವರು ಬಂದರೆ 31 ಮರ, ಐದೇ ಮರ ಉಳಿತಾಯ. ಸುಮ್ನೆ ತಲೆನೋವು.

ಹೆದರಿಕೆ ಇರುವುದು ಆ 0.8ರ ಮೇಲೆ. ನಿಜಕ್ಕೂ 0.6 ಆಗಿದ್ದರೆ ಮೂವರಿದ್ದರೂ ನೂರರ ಮೇಲೆ ಮರ ಬೇಕು! ಅದಕ್ಕೇ ಮೊದಲು ಸ್ವಲ್ಪ ಮರಗಳಲ್ಲಿ ನೋಡಿ, ಆಮೇಲೆ ಮುಂದುವರಿಸುತ್ತೇವೆ.

ಚೆನ್ನಾಗಿರುವ ತೋಟ, ಪೂರ್ತಿ ಕೆಂಪಾದ ತೋಟ ಎರಡೂ ಸೇರಿಸಿದ್ದೇವೆ. ಎಲ್ಲ ಮರಗಳೂ ಒಂದೇ ಥರ ಇದ್ದರೆ ಅಂಕ ಎಷ್ಟೇ ಸರಿಯಿದ್ದರೂ ಐಸಿಸಿ ಬೀಳುತ್ತದೆ. ಹಾಗಂತ ಬರೀ ಎರಡು ತುದಿಯ ಮರ ಆರಿಸಿದರೆ ಸುಳ್ಳೇ ಜಾಸ್ತಿ ಬರುತ್ತದೆ, ಮಧ್ಯದವೂ ಬೇಕು. ಸೋಗೆಗೆ ನಂಬರ್ ಕಟ್ಟಿ ಕಲಸಿ ಇಡುತ್ತೇವೆ. "ನೀವೆಷ್ಟು ಕೊಟ್ರಿ ಮಾರಾಯ್ರೆ?" ಅಂತ ಕೇಳುವಂತಿಲ್ಲ.

ಮಳೆ ಬಿಟ್ಟ ಮೇಲೆ ಶುರು.