ಸಮಸ್ಯಾಪೂರಣ: ಗಂಟು ಬಿಚ್ಚಿದರೆ ಅಳಿಯುವ ಲೆಕ್ಕ

ಪೃಚ್ಛಕರು (ಸಮಸ್ಯೆ ಕೊಡುವವರು): ಕೊಟ್ಟ ಕೊನೆಯ ಸಾಲಿಗೆ ಹೊಂದುವಂತೆ ಪದ್ಯ ಕಟ್ಟಬೇಕು. ಈ ಸಲದ ವಸ್ತು ಕತೆಗಾರರು ಕಟ್ಟುವ ಕಲ್ಪಿತ ಲೋಕ, ಆಧಾರ ಮಾತ್ರ ನಿಜವಾದ ನಾಡೊಂದರದು. ಭಾಮಿನಿ ಷಟ್ಪದಿ, ಆದಿಪ್ರಾಸ ಕಡ್ಡಾಯ. ಕೊನೆಯ ಸಾಲು:

ಗಂಟು ಬಿಚ್ಚಲು ನಾಡಿನೊಡೆಯನ ಲೆಕ್ಕವಳಿಯಿತಲಾ

ಪೂರಣ 1 (ಆಧಾರ: ಆಂಡೀಸ್ ಬೆಟ್ಟಗಳ ಇಂಕಾ ರಾಜ್ಯದ ಖಿಪು, ಎಂದರೆ ದಾರದ ಗಂಟುಗಳಲ್ಲಿಟ್ಟ ಲೆಕ್ಕ)

ಎಂಟು ಸುತ್ತಿನ ಗಂಟು ಕೆಳಗಡೆ
ಒಂಟಿ ಗಂಟುಗಳೈದು ನಡುವಲಿ
ಉಂಟು ಮೇಗಡೆ ಮೂರು ನೂರರ ಮನೆಯ ಗುರುತಾಗಿ
ತುಂಟ ಸೈನಿಕ ಕಣಜ ಹೊಕ್ಕನು
ಕಂಟಕವ ಬಗೆದೆಳೆದು ಹುರಿಗಳ
ಗಂಟು ಬಿಚ್ಚಲು ನಾಡಿನೊಡೆಯನ ಲೆಕ್ಕವಳಿಯಿತಲಾ

ಖಿಪು ಎಂದರೆ ಅಡ್ಡ ಹುರಿಯೊಂದಕ್ಕೆ ಇಳಿಬಿಟ್ಟ ದಾರಗಳು. ಹತ್ತಿಯವು, ಇಲ್ಲವೇ ಲಾಮಾ, ಅಲ್ಪಾಕಾ ಉಣ್ಣೆಯವು. ಲೆಕ್ಕ ದಶಮಾನದ್ದು. ಬಿಡಿಸ್ಥಾನ ದಾರದ ತುದಿಗೆ, ಮೇಲೆ ಹತ್ತು, ಅದರ ಮೇಲೆ ನೂರು. ಪದ್ಯದ ದಾರ 358.

— ಬಿಡಿಯಲ್ಲಿ 1 ಬಂದರೆ ಏನು ಮಾಡುತ್ತಾರೆ ಸರ್?

— 2ರಿಂದ 9ರವರೆಗೆ ಅಷ್ಟಷ್ಟು ಸುತ್ತಿನ ಉದ್ದ ಗಂಟು. ಒಂದೇ ಸುತ್ತು ಹಾಕಿದರೆ ಅದು ಹತ್ತು, ನೂರರ ಒಂಟಿ ಗಂಟಿನಂತೆಯೇ ಆಗಿಬಿಡುತ್ತದೆ; ಅದಕ್ಕೇ 1ಕ್ಕೆ ‘8’ರ ಆಕಾರದ ಬೇರೆ ಗಂಟು. ಸೊನ್ನೆಗೆ ಗಂಟಿಲ್ಲ, ಬರಿಯ ಜಾಗ. ಪಕ್ಕದ ದಾರಗಳ ಮಟ್ಟಕ್ಕೆ ಕಟ್ಟದಿದ್ದರೆ 308 ಹೋಗಿ 38 ಆದೀತು. ಈ ಓದನ್ನು ಅಮೆರಿಕದ ಸಂಶೋಧಕ ಲೆಲ್ಯಾಂಡ್ ಲಾಕ್ 1912ರಲ್ಲಿ ತೋರಿಸಿಕೊಟ್ಟರು.

ಪೂರಣ 2 (ಖಿಪುವನ್ನಷ್ಟೇ ತಂದು, ಅದರ ಹಿಂದಿನ ವ್ಯವಸ್ಥೆಯನ್ನು ಬಿಟ್ಟ ಕತೆಗಳ ಬಗ್ಗೆ)

ಅಂಟಿಸಿದರೂ ಹುರಿಯನೊಂದನೆ
ನಂಟು ಮರೆತರು ದುಡಿಮೆ ತೆರಿಗೆಯ
ಉಂಟು ಪೇಟೆಯ ತುಂಬ ಹೊನ್ನಿನ ನಾಣ್ಯಗಳ ಸದ್ದು
ಒಂಟೆ ಬಂದುದು ಲಾಮವೆಲ್ಲಿದೆ
ಕುಂಟಿತೀ ಕತೆ ತಳವದಿಲ್ಲದೆ
ಗಂಟು ಬಿಚ್ಚಲು ನಾಡಿನೊಡೆಯನ ಲೆಕ್ಕವಳಿಯಿತಲಾ

— ಬಹಳ ಚೆನ್ನಾಗಿದೆ ಮೇಡಂ, ಮೂರನೆಯ ಸಾಲೇ ಇದರ ಜೀವ. ಇಂಕಾ ತೆರಿಗೆ ನಾಣ್ಯವಲ್ಲ, ‘ಮಿತಾ’ ಎಂಬ ಸರದಿಯ ದುಡಿಮೆ. ಬೆಳೆ ಸರ್ಕಾರಿ ಕಣಜಕ್ಕೆ, ಸುದ್ದಿ ‘ಚಸ್ಕಿ’ ಓಟಗಾರರ ಕೈಗೆ, ಖಿಪು ಓದಲು ತರಬೇತಾದ ಖಿಪುಕಮಾಯುಕ್. ಹುರಿ ತಂದರೆ ಇವೂ ಬರಬೇಕು. ಕತೆಗಾರರು ತೆರಿಗೆ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಲಿ, ಸಾಗಾಟ, ಲೆಕ್ಕಿಗ ಆಮೇಲೆ. ಉಡುಗೆ, ಹೆಸರುಗಳು ಕೊನೆಗೆ. ತಿರುಗಾಮುರುಗಾ ಮಾಡಿದಾಗಲೇ ಲೋಕ ವೇಷದಂತೆ ಕಾಣುವುದು.

— ಇನ್ನೊಂದು ಮಾತು. 1583ರಲ್ಲಿ, ಸ್ಪೇನಿನ ಆಳ್ವಿಕೆಯಲ್ಲಿ, ಲಿಮಾದ ಮೂರನೆಯ ಕ್ಯಾಥೋಲಿಕ್ ಧರ್ಮಸಭೆ ಹಳೆಯ ಆಚರಣೆಗಳ ಖಿಪುಗಳನ್ನು ನಾಶಮಾಡಲು ಆಜ್ಞಾಪಿಸಿತು. ಆದರೂ ಪೆರುವಿನ ತುಪಿಕೋಚಾದಲ್ಲಿ ಹಿರಿಯರ ಖಿಪುಗಳನ್ನು ಊರಿನವರು ಜೋಪಾನವಾಗಿಟ್ಟು, ಊರ ಸಭೆಗೆ ತಂದು ಗೌರವಿಸುತ್ತ ಬಂದಿದ್ದಾರೆ. ಇದನ್ನು ಅಳಿದುಹೋದವರ ಒಗಟು ಎಂದು ಯಾರೂ ಬರೆಯಬಾರದು. ಆಜ್ಞೆ ಹೊತ್ತು ಬಂದವನನ್ನು ‘ತುಂಟ’ ಎನ್ನುವುದೂ ಹಗುರವಾಯಿತು. ಪೂರಣ 1ರ ನಾಲ್ಕನೆಯ ಸಾಲು ‘ಬಂಟನೊಬ್ಬನು ಕಣಜ ಹೊಕ್ಕನು’ ಎಂದಾಗಲಿ. ಪ್ರಾಸವೂ ಉಳಿಯುತ್ತದೆ, 3+4 ಮಾತ್ರೆಗಳ ಗಣವೂ ಕೆಡುವುದಿಲ್ಲ.